ಗುರಾಣಿಯೋ, ದೊಡ್ಡ ಕತ್ತಿಯೋ? ಕಣ್ಣಿಗೆ ಕಾಣದ ಲಾಭದ ಲೆಕ್ಕ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಕೆ ಕೂತು ಫೈಟರ್ ಪಾತ್ರ ಆರಿಸಿಕೊಂಡವರಿಗೆ ಶುರುವಿನಲ್ಲೇ ಒಂದು ಪ್ರಶ್ನೆ ಎದುರಾಗುತ್ತೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡೀಬೇಕಾ? ಅಥವಾ ಎರಡೂ ಕೈ ಬೇಡುವ ಗ್ರೇಟ್‌ಸೋರ್ಡ್ ಎತ್ತಿಕೊಳ್ಳಬೇಕಾ? ದೊಡ್ಡ ಕತ್ತಿ ನೋಡೋಕೆ ಚೆಂದ, ಹೊಡೆತದ ಸಂಖ್ಯೆಯೂ ದೊಡ್ಡದು. ಗುರಾಣಿ ಹಿಡಿದವನನ್ನು ಹೆದರುಪುಕ್ಕಲ ಅಂತ ರೇಗಿಸೋದೂ ಉಂಟು. ಆದರೆ ಲೆಕ್ಕ ಹಾಕಿದರೆ ಕಥೆ ಬೇರೆಯೇ ಇದೆ.

2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮಗಳನ್ನೇ ತಗೊಳ್ಳೋಣ. ಶತ್ರು ಇಪ್ಪತ್ತು ಮುಖದ ದಾಳ ಉರುಳಿಸಿ, ತನ್ನ ಬೋನಸ್ ಕೂಡಿಸಿ, ನಿಮ್ಮ ಆರ್ಮರ್ ಕ್ಲಾಸ್ ಮುಟ್ಟಿದರೆ ಏಟು ಬಿತ್ತು ಅಂತ ಅರ್ಥ. ಗುರಾಣಿ ಈ ಆರ್ಮರ್ ಕ್ಲಾಸ್‌ಗೆ 2 ಸೇರಿಸುತ್ತೆ. ಅತ್ತ ಒಂಟಿಗೈ ಲಾಂಗ್‌ಸೋರ್ಡ್‌ಗೆ ಎಂಟು ಮುಖದ ಒಂದು ದಾಳ, ಸರಾಸರಿ 4.5. ಗ್ರೇಟ್‌ಸೋರ್ಡ್‌ಗೆ ಆರು ಮುಖದ ಎರಡು ದಾಳ, ಸರಾಸರಿ 7. ಅಂದರೆ ಪ್ರಶ್ನೆ ಇಷ್ಟೇ: ಪ್ರತಿ ಏಟಿಗೆ 2.5 ಹೆಚ್ಚು ಹಾನಿ ಬೇಕಾ, ಆರ್ಮರ್ ಕ್ಲಾಸ್‌ನಲ್ಲಿ 2 ಹೆಚ್ಚು ಬೇಕಾ?

ಒಂದು ಕಾಳಗ ನಡೆಸಿಯೇ ನೋಡೋಣ. ಐದನೇ ಲೆವೆಲ್‌ನ ಫೈಟರ್, ಸುತ್ತಿಗೆ ಎರಡು ಏಟು, ಬಲದ ಬೋನಸ್ 4, ಮೈಮೇಲೆ ಚೈನ್‌ಮೇಲ್. ಆರ್ಮರ್ ಕ್ಲಾಸ್ 16, ಗುರಾಣಿ ಇದ್ದರೆ 18. ಎದುರಿಗೆ ಒಬ್ಬ ಓಗರ್: 59 ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ 11, ದಾಳಿಯ ಬೋನಸ್ 6, ಒಂದು ಏಟಿಗೆ ಸರಾಸರಿ 13 ಹಾನಿ. ಸರಳವಾಗಿರಲಿ ಅಂತ ಕ್ರಿಟಿಕಲ್ ಹಿಟ್‌ಗಳನ್ನು ಬಿಟ್ಟುಬಿಡೋಣ.

ಗ್ರೇಟ್‌ಸೋರ್ಡ್ ಹಿಡಿದವನು ಸುತ್ತಿಗೆ ಸರಾಸರಿ 18.7 ಹಾನಿ ಮಾಡ್ತಾನೆ. ಓಗರ್ ಬೀಳೋಕೆ ಸುಮಾರು 3.2 ಸುತ್ತು. ಅಷ್ಟರಲ್ಲಿ ಇವನಿಗೆ ಬೀಳೋ ಹಾನಿ ಸುಮಾರು 23. ಗುರಾಣಿಯವನು ಸುತ್ತಿಗೆ 14.45 ಹಾನಿ ಮಾಡ್ತಾನೆ, ಸುಮಾರು 4.1 ಸುತ್ತು ಬೇಕು. ಆದರೆ ಓಗರ್‌ನ ಏಟು ತಾಗುವ ಸಾಧ್ಯತೆ ಶೇ. 55ರಿಂದ ಶೇ. 45ಕ್ಕೆ ಇಳಿದಿರುತ್ತೆ. ಕೊನೆಗೆ ಇವನಿಗೆ ಬೀಳೋ ಹಾನಿ ಸುಮಾರು 24. ಹೆಚ್ಚುಕಮ್ಮಿ ಸಮಬಲ! ಬೇಗ ಮುಗಿಸೋದೂ ಒಂದು ರಕ್ಷಣೆ, ತಡೆದುಕೊಂಡು ನಿಲ್ಲೋದೂ ಒಂದು ರಕ್ಷಣೆ. ಒಬ್ಬನೇ ಒಬ್ಬನ ಎದುರು ನಿಂತಾಗ ತಕ್ಕಡಿ ಯಾವ ಕಡೆಗೂ ಹೆಚ್ಚು ವಾಲಲ್ಲ.

ಹಾಗಾದರೆ ತಕ್ಕಡಿ ವಾಲಿಸೋದು ಯಾವುದು? ಮೊದಲನೆಯದು ಶತ್ರುಗಳ ಸಂಖ್ಯೆ. ಗಾಬ್ಲಿನ್‌ಗೆ ಇರೋದು 7 ಹಿಟ್ ಪಾಯಿಂಟ್. ನಮ್ಮ ಫೈಟರ್ ಡ್ಯುಯೆಲಿಂಗ್ ಶೈಲಿ ಕಲಿತಿದ್ದರೆ ಒಂಟಿಗೈ ಕತ್ತಿಯ ಹಾನಿಗೆ 2 ಸೇರುತ್ತೆ, ಗುರಾಣಿ ಹಿಡಿದಿದ್ದರೂ ಸರಿ. ಆಗ ದಾಳದಲ್ಲಿ ಬರೀ 1 ಬಿದ್ದರೂ 1, 4, 2 ಸೇರಿ 7. ತಾಗಿದ ಪ್ರತಿ ಏಟಿಗೂ ಒಂದು ಗಾಬ್ಲಿನ್ ಖಲಾಸ್. ಇಲ್ಲಿ ದೊಡ್ಡ ಕತ್ತಿಯ ಹೆಚ್ಚುವರಿ ಹಾನಿ ಸತ್ತ ಹಾವನ್ನು ಹೊಡೆದಂತೆ. ಸುತ್ತ ಆರು ಗಾಬ್ಲಿನ್ ನಿಂತು ಚುಚ್ಚುವಾಗ ಗುರಾಣಿ ಆರೂ ಏಟುಗಳ ಮೇಲೆ ಕೆಲಸ ಮಾಡುತ್ತೆ. ಒಂದೇ ದೊಡ್ಡ ಪ್ರಾಣಿ ಎದುರಾದಾಗ ಮಾತ್ರ ದೊಡ್ಡ ಕತ್ತಿಯ ಒಂದೊಂದು ಪಾಯಿಂಟೂ ಲೆಕ್ಕಕ್ಕೆ ಬರುತ್ತೆ. ಅದರಲ್ಲೂ ಡ್ರ್ಯಾಗನ್ ಬೆಂಕಿ ಉಗುಳಿದಾಗ ನಿಮ್ಮನ್ನು ಕಾಯೋದು ಸೇವಿಂಗ್ ಥ್ರೋ. ಅಲ್ಲಿ ಗುರಾಣಿಯ 2 ಕೆಲಸಕ್ಕೆ ಬರಲ್ಲ.

ಎರಡನೆಯದು ತಂಡ. ಇದೇ ಮುಖ್ಯ. ದೊಡ್ಡ ಕತ್ತಿಯ ಲಾಭ ಎಲ್ಲರಿಗೂ ಹಂಚಿಹೋಗುತ್ತೆ, ಯಾಕಂದ್ರೆ ಸತ್ತ ಶತ್ರು ಯಾರನ್ನೂ ಹೊಡೆಯಲ್ಲ. ಗುರಾಣಿಯ 2 ಮಾತ್ರ ಹಿಡಿದವನಿಗಷ್ಟೇ. ಜಾಣ ಶತ್ರು ಪಕ್ಕದಿಂದ ಸರಿದು ಹಿಂದಿರುವ ವಿಝರ್ಡ್ ಮೇಲೆ ಬಿದ್ದರೆ ನಿಮ್ಮ ಗುರಾಣಿ ದಂಡ. ಹಾಗಾಗಿ ಗುರಾಣಿ ಹಿಡಿಯೋದು ಅಂದರೆ ಸಾಮಾನು ಆರಿಸೋದಷ್ಟೇ ಅಲ್ಲ, ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಆರಿಸಬೇಕು. ಇಕ್ಕಟ್ಟಾದ ಓಣಿಯ ಬಾಯಲ್ಲಿ, ಬಾಗಿಲಲ್ಲಿ, ಏಟು ನಿಮ್ಮ ಮೇಲೇ ಬೀಳುವಂಥ ಜಾಗದಲ್ಲಿ. ಪ್ರೊಟೆಕ್ಷನ್ ಅನ್ನೋ ಶೈಲಿ ಕಲಿತರೆ ಐದು ಅಡಿಯೊಳಗಿನ ಗೆಳೆಯನ ಮೇಲಿನ ದಾಳಿಗೂ ಗುರಾಣಿ ಅಡ್ಡ ಹಿಡೀಬಹುದು. ಆಗ ಸ್ವಂತದ ರಕ್ಷಣೆ ಸಾರ್ವಜನಿಕ ಸೇವೆ ಆಗುತ್ತೆ.

ಮೂರನೆಯದು ನಿಯಮ ಬರೆಯುವವರು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಆವೃತ್ತಿಯಲ್ಲಿ ಯಾವ ಆಯುಧ ಹಿಡಿದರೂ ಹಾನಿಗೆ ಆರು ಮುಖದ ಒಂದೇ ದಾಳ. ದೊಡ್ಡ ಕತ್ತಿಗೆ ದೊಡ್ಡ ಹಾನಿ ಬಂದದ್ದು 1975ರ ಗ್ರೇಹಾಕ್ ಪುರವಣಿಯಲ್ಲಿ. 2014ರ ಗ್ರೇಟ್ ವೆಪನ್ ಮಾಸ್ಟರ್ ಫೀಟ್ ಬಂದಾಗ ತಕ್ಕಡಿ ಪೂರ್ತಿ ಒಂದು ಕಡೆ ಬಿತ್ತು: ತಾಗುವ ಸಾಧ್ಯತೆಯಲ್ಲಿ 5 ಕಳೆದುಕೊಂಡರೆ ಹಾನಿಗೆ 10 ಸೇರಿಸಿಕೊಳ್ಳಬಹುದು. ನಮ್ಮ ಓಗರ್ ಎದುರು ಸುತ್ತಿಗೆ 18.7 ಇದ್ದದ್ದು 25.2ಕ್ಕೆ ಏರುತ್ತೆ. ಗಟ್ಟಿ ಕವಚದ, ಆರ್ಮರ್ ಕ್ಲಾಸ್ 18ರ ಶತ್ರು ಎದುರು ಮಾತ್ರ ಇದೇ ಆಟ ತುಸು ನಷ್ಟದ್ದು. 2024ರ ಪರಿಷ್ಕೃತ ಪುಸ್ತಕ ಈ ಜೂಜನ್ನು ತೆಗೆದುಹಾಕಿ, ಪ್ರೊಫಿಷಿಯೆನ್ಸಿ ಬೋನಸ್‌ನಷ್ಟು ಹಾನಿ ಸೇರಿಸುವ ಸಾಧಾರಣ ಲಾಭ ಇಟ್ಟಿತು. ಆಟಗಾರರ ಸ್ವಭಾವ ಬದಲಾಗಲಿಲ್ಲ, ಪ್ರೋತ್ಸಾಹಧನ ಬದಲಾಯಿತು. ಜನ ಯಾಕೆ ಹೀಗೆ ಆರಿಸ್ತಾರೆ ಅಂತ ಕೇಳೋ ಮೊದಲು ನಿಯಮ ಯಾವುದಕ್ಕೆ ಬಹುಮಾನ ಕೊಡ್ತಿದೆ ಅಂತ ನೋಡಬೇಕು ಅನ್ನೋದು ಆಟದ ಹೊರಗೂ ನಿಜ.

ಇಲ್ಲೊಂದು ತಮಾಷೆ ಇದೆ. ಯುರೋಪಿನ ನಿಜವಾದ ಇತಿಹಾಸದಲ್ಲಿ ಉಕ್ಕಿನ ತಗಡಿನ ಪೂರ್ಣ ಕವಚ ಸುಧಾರಿಸಿದ ಮೇಲೆ 15ನೇ ಶತಮಾನದ ನೈಟ್‌ಗಳು ಗುರಾಣಿ ಕೆಳಗಿಟ್ಟು ಎರಡು ಕೈಯ ಪೋಲ್‌ಆಕ್ಸ್ ಹಿಡಿದರು. ಕವಚವೇ ಗುರಾಣಿ ಆಗಿತ್ತು. ಆಟದಲ್ಲಿ ಇದು ಉಲ್ಟಾ. ಗಾಬ್ಲಿನ್‌ನ ದಾಳಿ ಬೋನಸ್ 4. ಚೈನ್‌ಮೇಲ್ ಮೇಲೆ ಗುರಾಣಿ ಸೇರಿದರೆ ಏಟು ತಾಗುವ ಸಾಧ್ಯತೆ ಶೇ. 45ರಿಂದ 35ಕ್ಕೆ ಇಳಿಯುತ್ತೆ, ಅಂದರೆ ಐದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಏಟು ತಪ್ಪಿತು. ಪ್ಲೇಟ್ ಕವಚದ ಮೇಲೆ ಸೇರಿದರೆ ಶೇ. 35ರಿಂದ 25ಕ್ಕೆ, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಇದ್ದವನಿಗೆ ಇನ್ನಷ್ಟು ಕೊಟ್ಟರೆ ಲಾಭ ಹೆಚ್ಚು ಅನ್ನೋ ಗಣಿತ ಇದು.

ಕೊನೆಗೆ ಯಾವುದು ಆರಿಸಬೇಕು? ತಂಡದಲ್ಲಿ ಮುಂದೆ ನಿಲ್ಲುವವರು ನೀವೊಬ್ಬರೇ ಆಗಿದ್ದರೆ, ಗುಣಪಡಿಸುವವರು ಇಲ್ಲದಿದ್ದರೆ, ಶತ್ರುಗಳು ಗುಂಪುಗುಂಪಾಗಿ ಬರುವ ಕಥೆಯಾಗಿದ್ದರೆ ಗುರಾಣಿ. ಪಕ್ಕದಲ್ಲಿ ಇನ್ನೊಬ್ಬರು ಅಡ್ಡ ನಿಲ್ಲೋಕೆ ಇದ್ದರೆ, ಎದುರಿಗೆ ದೊಡ್ಡ ಪ್ರಾಣಿಗಳಿದ್ದರೆ ದೊಡ್ಡ ಕತ್ತಿ.

ಆದರೆ ಗುರಾಣಿಗೆ ಇನ್ನೊಂದು ಅನ್ಯಾಯ ಆಗ್ತಿರುತ್ತೆ. 12 ಹಾನಿ ಮಾಡಿದಾಗ ಇಡೀ ಟೇಬಲ್ ಕೂಗುತ್ತೆ. 13 ಹಾನಿ ಬೀಳದೇ ಹೋದಾಗ ಯಾರಿಗೂ ಗೊತ್ತೇ ಆಗಲ್ಲ. ಬಾರದೇ ಹೋದ ರೋಗಕ್ಕೆ ಲಸಿಕೆಯನ್ನು ಯಾರೂ ಹೊಗಳಲ್ಲ, ಕುಸಿಯದ ಸೇತುವೆ ಸುದ್ದಿಯಾಗಲ್ಲ, ಹಾಗೇ. ಇದಕ್ಕೆ ಡಂಜನ್ ಮಾಸ್ಟರ್ ಮಾಡಬಹುದಾದ ಸುಲಭ ಕೆಲಸ ಒಂದಿದೆ. ಚೈನ್‌ಮೇಲ್ ಮತ್ತು ಗುರಾಣಿಯ ಫೈಟರ್ ಮೇಲೆ ಶತ್ರುವಿನ ಮೊತ್ತ 16 ಅಥವಾ 17 ಬಂದರೆ, ಆ ಏಟನ್ನು ತಡೆದದ್ದು ಗುರಾಣಿಯೇ. ಬರೀ ‘ತಪ್ಪಿತು’ ಅನ್ನಬೇಡಿ. ‘ಗುರಾಣಿಗೆ ಬಡಿಯಿತು’ ಅನ್ನಿ.