ಪಾಯದ ಕಂಬಿಗೂ ಒಂದು ಅರ್ತಿಂಗ್ ಕೆಲಸ

ಮಾರ್ಚ್ ಬಂತೆಂದರೆ ದಬ್ಬೇಘಟ್ಟದ ಸುತ್ತ ತೆಂಗಿನ ಬುಡಕ್ಕೆ ನೀರು ಹೊಂಚುವುದೇ ಎಲ್ಲರ ಚಿಂತೆ. ಮನೆ ಪಕ್ಕದ ಅರ್ತಿಂಗ್ ಗುಂಡಿಗೂ ಒಂದು ಕೊಡ ನೀರು ಬೇಕೆಂಬುದು ಹೆಚ್ಚಿನವರಿಗೆ ನೆನಪಾಗುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಆ ಗುಂಡಿ ಕೆಲಸ ಮಾಡುವುದೇ ತೇವದಿಂದ. ತೇವ ಆರಿದರೆ ರೋಧ ಏರುತ್ತದೆ. ಮಿಕ್ಸಿಯ ಮೋಟಾರಿನಿಂದ ಅದರ ಲೋಹದ ಮೈಗೆ 230 ವೋಲ್ಟ್ ಸೋರಿತು ಅನ್ನಿ. ಗುಂಡಿಯ ರೋಧ 23 ಓಮ್ ಇದ್ದರೆ ಮಣ್ಣಿಗಿಳಿಯುವುದು ಹೆಚ್ಚೆಂದರೆ 10 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಬೀಳುವುದಿಲ್ಲ. ಮುಟ್ಟಿದವರ ಗತಿ ಹೇಳಬೇಕಿಲ್ಲ.

ಇದಕ್ಕಿಂತ ಒಣ ನೆಲದಲ್ಲಿ ಒಬ್ಬರು ದಾರಿ ಕಂಡುಕೊಂಡಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಅರಿಜೋನಾ ಮರುಭೂಮಿಯ ಮದ್ದುಗುಂಡಿನ ಉಗ್ರಾಣಗಳಿಗೆ ಸಿಡಿಲಿನಿಂದ ರಕ್ಷಣೆ ಬೇಕಿತ್ತು. ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಬೇರೆ ಗುಂಡಿ ತೋಡಿಸದೆ ಪಾಯದ ಕಾಂಕ್ರೀಟಿನೊಳಗಿನ ಕಂಬಿಯನ್ನೇ ಅರ್ತಿಂಗಿಗೆ ಬಳಸಿದರು. ಸುಮಾರು ಎರಡು ದಶಕದ ಮೇಲೆ ಅಳೆದಾಗಲೂ ರೋಧ 5 ಓಮ್ ದಾಟಿರಲಿಲ್ಲ.

ಕಾಂಕ್ರೀಟ್ ನೋಡಲು ಕಲ್ಲು, ಒಳಗೆಲ್ಲ ಸಣ್ಣ ರಂಧ್ರ. ಸುತ್ತಲಿನ ಮಣ್ಣಿನ ತೇವ ಹೀರಿ, ಬೇಗ ಬಿಟ್ಟುಕೊಡುವುದಿಲ್ಲ. ಸಿಮೆಂಟಿನ ಕ್ಷಾರದಿಂದ ಆ ನೀರಲ್ಲಿ ಅಯಾನುಗಳು ತುಂಬಿರುತ್ತವೆ. ನಾಲ್ಕೈದು ಅಡಿ ಆಳದ ಫುಟಿಂಗು, ಮೇಲ್ಮಣ್ಣು ಬಿರುಕುಬಿಟ್ಟಾಗಲೂ ಕೆಳಗೆ ತಂಪಾಗಿರುತ್ತದೆ. ಮಣ್ಣಿಗೆ ತಾಗುವ ಮೈಯೂ ಒಂದು ಪೈಪಿಗಿಂತ ಎಷ್ಟೋ ಪಾಲು ಹೆಚ್ಚು. ಭಾರತದ ಅರ್ತಿಂಗ್ ಸಂಹಿತೆ ಐಎಸ್ 3043 ಕೂಡ ಪಾಯದ ಕಂಬಿಯ ಅರ್ತಿಂಗನ್ನು ಒಪ್ಪುತ್ತದೆ. ಅಮೆರಿಕದ ನಿಯಮ ಇನ್ನೂ ಸ್ಪಷ್ಟ: ಕನಿಷ್ಠ 20 ಅಡಿ ಕಂಬಿ, ಅದರ ಸುತ್ತ 2 ಇಂಚು ಕಾಂಕ್ರೀಟ್. ಕಂಬಿಗಳನ್ನು ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟಿದ್ದರೂ ಸಾಕು.

ಆದರೆ ಎಲ್ಲ ಮನೆಗೂ ಇದು ಒಗ್ಗದು. ಸೈಜುಗಲ್ಲಿನ ಹಳೆಯ ಪಾಯದಲ್ಲಿ ಕಂಬಿಯೇ ಇಲ್ಲ. ಫುಟಿಂಗಿನಡಿ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಮಣ್ಣಿನ ಸಂಪರ್ಕವೇ ತಪ್ಪುತ್ತದೆ. ಗುಂಡಿಯ ಅಭ್ಯಾಸದಲ್ಲಿ ಕಾಂಕ್ರೀಟಿಗೂ ಉಪ್ಪು ಬೆರೆಸಲು ಹೋದರೆ ಕಂಬಿ ತುಕ್ಕು ಹಿಡಿದು ಮನೆಗೇ ಸಂಚಕಾರ. ಇನ್ನೊಂದು ಮಾತು: ಅರ್ತಿಂಗ್ ಎಷ್ಟೇ ಚೆನ್ನಾಗಿದ್ದರೂ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಜೀವ ಉಳಿಸುವುದರಲ್ಲಿ ಅದಕ್ಕೇ ನನ್ನ ಮೊದಲ ಓಟು.

ಪಿಲ್ಲರ್ ಮನೆ ಕಟ್ಟಿಸುತ್ತಿದ್ದೀರಾ? ಫುಟಿಂಗಿಗೆ ಕಾಂಕ್ರೀಟ್ ಹಾಕುವ ಮುನ್ನ ಮೇಸ್ತ್ರಿಯನ್ನೂ ಎಲೆಕ್ಟ್ರಿಷಿಯನ್ನನ್ನೂ ಒಟ್ಟಿಗೆ ಕೂರಿಸಿ, ಅರ್ತಿಂಗಿಗೆಂದು ಒಂದು ಕಂಬಿಯನ್ನು ಮೀಟರ್ ಬೋರ್ಡಿನ ಪಕ್ಕಕ್ಕೆ ಬರುವಂತೆ ಹೊರಗೆ ಬಿಡಿಸಿ. ಕಾಂಕ್ರೀಟ್ ಬಿದ್ದ ಮೇಲೆ ಆ ಅವಕಾಶ ಇರುವುದಿಲ್ಲ.