ಕೆರೆಯಿಂದ ರಣರಂಗಕ್ಕೆ: ‘ಟ್ಯಾಂಕ್’ ಎಂಬ ಶಬ್ದದ ಕಥೆ

ಮನೆಯ ಮಾಳಿಗೆಯ ಮೇಲೆ ನೀರನ್ನು ಶೇಖರಿಸಿಡುವ ದೊಡ್ಡ ಪಾತ್ರೆಯನ್ನು ನಾವು ಟ್ಯಾಂಕು ಎನ್ನುತ್ತೇವೆ. ಮೋಟಾರು ವಾಹನದಲ್ಲಿ ಪೆಟ್ರೋಲು ತುಂಬುವ ಕೋಶವೂ ಟ್ಯಾಂಕೇ. ಯುದ್ಧಭೂಮಿಯಲ್ಲಿ ಹಳ್ಳತಿಟ್ಟುಗಳನ್ನು ಲೆಕ್ಕಿಸದೆ ಉರುಳುತ್ತ ಬರುವ ಉಕ್ಕಿನ ವಾಹನವೂ ಟ್ಯಾಂಕೇ. ಹಂಪೆಯನ್ನು ಕುರಿತ ಇಂಗ್ಲಿಷ್ ಪುಸ್ತಕವೊಂದನ್ನು ತೆರೆದರೆ ಕಮಲಾಪುರದ ವಿಶಾಲವಾದ ಕೆರೆಗೂ, ಅರಮನೆಯ ಆವರಣದ ಪುಷ್ಕರಣಿಗೂ, ವಿರೂಪಾಕ್ಷ ದೇವಾಲಯದ ಬಳಿಯ ಮನ್ಮಥ ಹೊಂಡಕ್ಕೂ ಅಲ್ಲಿ ಇದೇ ಹೆಸರು! ಒಂದೇ ಶಬ್ದ ಇಷ್ಟು ಬೇರೆ ಬೇರೆ ವಸ್ತುಗಳನ್ನು ಹೇಗೆ ಹೊತ್ತುಕೊಂಡಿತು? ಇದರ ಮೂಲ ಅರ್ಥ ಯಾವುದು? ಇದನ್ನು ವಿಚಾರಿಸಲು ಹೊಸಪೇಟೆಯ ಸುತ್ತಣ ನಾಡಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ.

ಸುಮಾರು 1520ರಲ್ಲಿ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದನು. ಕೃಷ್ಣದೇವರಾಯನು ಎರಡು ಬೆಟ್ಟಗಳ ನಡುವಿನ ಬಾಯಿಯಲ್ಲಿ ಏರಿಯನ್ನು ಹಾಕಿಸುತ್ತಿದ್ದುದನ್ನು ಅವನು ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರೆಂದೂ, ಕಟ್ಟೆ ಎರಡು ಮೂರು ಸಲ ಒಡೆದುಹೋಗಿತ್ತೆಂದೂ ಅವನು ಬರೆದಿದ್ದಾನೆ. ಕೆಲವು ವರ್ಷಗಳ ಬಳಿಕ ಬಂದ ಫರ್ನಾವೊ ನೂನಿಜ್ ಎಂಬಾತನು, ಈ ಕೆಲಸದಲ್ಲಿ ಜೊಆವೊ ಡೆ ಲಾ ಪಾಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ಕುಶಲಿಯ ನೆರವೂ ಇದ್ದಿತೆಂದು ತಿಳಿಸುತ್ತಾನೆ. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ಕಡೆಯ ಬೆಟ್ಟಗಳ ನಡುವೆ ಇಂದಿಗೂ ಕಾಣುವ ಮಹಾ ಏರಿಯೇ ಇದು ಎಂಬುದು ಇತಿಹಾಸಜ್ಞರ ಅಭಿಪ್ರಾಯ. ಈ ಇಬ್ಬರು ಪ್ರವಾಸಿಗಳ ಭಾಷೆಯಲ್ಲಿ ಇಂತಹ ಜಲಾಶಯಕ್ಕೆ ‘ಟಾಂಕೆ’ ಎಂದು ಹೆಸರು. ಇವರ ಬರಹಗಳನ್ನು 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದು ಪ್ರಕಟಿಸಿದಾಗ ಅದು ‘ಟ್ಯಾಂಕ್’ ಆಯಿತು.

ಈ ಶಬ್ದದ ಜನ್ಮಸ್ಥಾನದ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು. ಗುಜರಾತಿಯಲ್ಲಿಯೂ ಮರಾಠಿಯಲ್ಲಿಯೂ ನೀರಿನ ತೊಟ್ಟಿಗೆ ‘ಟಾಂಕು’, ‘ಟಾಕೆ’ ಎಂಬ ರೂಪಗಳಿವೆ. ರಾಜಸ್ಥಾನದಲ್ಲಿ ಮಳೆನೀರನ್ನು ಕೂಡಿಡುವ ನೆಲಮಾಳಿಗೆಯೇ ‘ಟಾಂಕಾ’. ಇಲ್ಲಿಂದಲೇ ಅದು ಇಂಗ್ಲಿಷರ ನಾಲಗೆಗೆ ಹತ್ತಿತೆಂಬುದು ಒಂದು ಪಕ್ಷ. ಪೋರ್ಚುಗೀಸಿನ ‘ಟಾಂಕೆ’ ಎಂಬುದು ‘ಎಸ್ಟಾಂಕೆ’ ಎಂಬುದರ ಮೊಟಕಾದ ರೂಪ, ಹರಿಯುವುದನ್ನು ತಡೆದು ನಿಲ್ಲಿಸು ಎಂಬರ್ಥದ ‘ಎಸ್ಟಾಂಕಾರ್’ ಎಂಬ ಕ್ರಿಯಾಪದಕ್ಕೆ ಅದು ನಂಟು ಎಂಬುದು ಇನ್ನೊಂದು ಪಕ್ಷ. ಬಹುಶಃ ಎರಡು ತೊರೆಗಳೂ ಭಾರತದ ಪಶ್ಚಿಮ ಕರಾವಳಿಯಲ್ಲಿ ಕೂಡಿಕೊಂಡು ಒಂದೇ ಹೊಳೆಯಾದುವು. ಯೂಲ್ ಮತ್ತು ಬರ್ನೆಲ್ ಎಂಬವರು 1886ರಲ್ಲಿ ಹೊರತಂದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಕೋಶದಲ್ಲಿ ಈ ಚರ್ಚೆ ವಿವರವಾಗಿದೆ.

ಇಲ್ಲಿ ಸ್ವಾರಸ್ಯವಾದ ಒಂದು ಹೋಲಿಕೆಯುಂಟು. ನಮ್ಮ ‘ಕೆರೆ’ ಹಳಗನ್ನಡದಲ್ಲಿ ‘ಕೆಱೆ’. ತೆಲುಗಿನ ‘ಚೆರುವು’, ತಮಿಳಿನ ‘ಚಿರೈ’ ಇದರ ಸೋದರಪದಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ತಮಿಳಿನಲ್ಲಿ ‘ಚಿರೈ’ ಎಂದರೆ ಅಣೆ ಎಂದೂ ಹೌದು, ಸೆರೆ ಎಂದೂ ಹೌದು. ಸೆರೆಹಿಡಿದ ನೀರೇ ಕೆರೆ! ಸಾವಿರಾರು ಮೈಲಿಗಳ ಅಂತರದಲ್ಲಿ ಹುಟ್ಟಿದ ಎರಡು ಭಾಷಾಕುಲಗಳು ಒಂದೇ ಅನುಭವದಿಂದ ಒಂದೇ ಬಗೆಯ ಹೆಸರನ್ನು ಕಟ್ಟಿದುವು.

ಹದಿನೇಳನೆಯ ಶತಮಾನದ ಆದಿಯಲ್ಲಿ ಭಾರತಕ್ಕೆ ಬಂದ ಇಂಗ್ಲಿಷರ ಬರಹಗಳಲ್ಲಿ ‘ಟ್ಯಾಂಕ್’ ಕಾಣಿಸಿಕೊಂಡಿತು. ಆಗ ಅದರ ಅರ್ಥ ಕೆರೆ ಅಥವಾ ಕೊಳ. ಆ ಶತಮಾನ ಮುಗಿಯುವುದರೊಳಗೆ ನೀರನ್ನು ತುಂಬಿಡುವ ದೊಡ್ಡ ಪಾತ್ರೆಯೆಂಬ ಅರ್ಥವೂ ಅದಕ್ಕೆ ಸೇರಿತು. ಯಂತ್ರಯುಗ ಬಂದೊಡನೆ ಹಬೆಯಂತ್ರ, ಹಡಗು, ಎಣ್ಣೆಯ ಕಾರ್ಖಾನೆ ಎಲ್ಲೆಲ್ಲಿಯೂ ಟ್ಯಾಂಕುಗಳಾದುವು. ಇಂಗ್ಲೆಂಡಿನಲ್ಲಿ ಕೆರೆಯ ಅರ್ಥ ಮಾಸಿತು. ಪಾತ್ರೆಯ ಅರ್ಥವೇ ನಿಂತಿತು.

ಮೂರನೆಯ ಅರ್ಥ ಹುಟ್ಟಿದುದು ಗುಟ್ಟನ್ನು ಕಾಯುವುದಕ್ಕಾಗಿ. ಪ್ರಥಮ ಮಹಾಯುದ್ಧದಲ್ಲಿ ಬ್ರಿಟಿಷರು ಕವಚ ತೊಟ್ಟ ಹೊಸ ವಾಹನವೊಂದನ್ನು ನಿರ್ಮಿಸತೊಡಗಿದರು. ಶತ್ರುವಿಗೆ ಸುಳಿವು ಸಿಗಬಾರದೆಂದು ಅದನ್ನು ನೀರು ಸಾಗಿಸುವ ಪಾತ್ರೆಯೆಂದು ಹೇಳಿಕೊಂಡು, 1915ರ ಕೊನೆಯಲ್ಲಿ ‘ಟ್ಯಾಂಕ್’ ಎಂಬ ಹೆಸರನ್ನು ಗೊತ್ತುಮಾಡಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅದು ಮೊದಲ ಬಾರಿಗೆ ಹೊರಬಿದ್ದಿತು. ಗುಟ್ಟು ಬಯಲಾಯಿತು, ಸುಳ್ಳು ಹೆಸರು ಮಾತ್ರ ನಿಜವಾದ ಹೆಸರಾಗಿಯೇ ಉಳಿಯಿತು.

ಇತ್ತ ನಮ್ಮ ನಾಡಿನಲ್ಲಿ ನಡೆದುದು ಬೇರೆ ಕಥೆ. 1800ರಲ್ಲಿ ಬಳ್ಳಾರಿಯ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಕಂಪೆನಿಯ ದಫ್ತರಗಳ ಭಾಷೆಯಲ್ಲಿ ಟ್ಯಾಂಕ್ ತನ್ನ ಹಳೆಯ ಅರ್ಥದಲ್ಲಿಯೇ ಬಾಳಿತು. ಆದರೆ ಕನ್ನಡಿಗನ ಕಣ್ಣಿಗೆ ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ, ಕೊಳ ಬೇರೆ, ಹೊಂಡ ಬೇರೆ, ಪುಷ್ಕರಣಿ ಬೇರೆ. ಕಮಲಾಪುರದ ಕೆರೆ ಮಣ್ಣಿನ ಏರಿಯುಳ್ಳದ್ದು. ತುಂಗಭದ್ರೆಯಿಂದ ಬರುವ ರಾಯಕಾಲುವೆಯ ನೀರು ಅದಕ್ಕೆ ಸೇರುತ್ತದೆ. ಅದು ಹೊಲಗದ್ದೆಗಳಿಗಾಗಿ ಇರುವುದು. 1980ರ ದಶಕದ ಉತ್ಖನನದಲ್ಲಿ ಹಂಪೆಯ ಅರಮನೆಯ ಆವರಣದಲ್ಲಿ ಬೆಳಕಿಗೆ ಬಂದ ಪುಷ್ಕರಣಿಯಾದರೋ ಕರಿಕಲ್ಲಿನ ಮೆಟ್ಟಿಲುಗಳದ್ದು. ಯಾವ ಕಲ್ಲು ಎಲ್ಲಿ ಕೂರಬೇಕೆಂಬ ಗುರುತುಗಳು ಆ ಕಲ್ಲುಗಳ ಮೇಲೆಯೇ ಕೆತ್ತಲ್ಪಟ್ಟಿವೆ. ಕಂಪ್ಲಿಯ ಗದ್ದೆಗಳಿಗೆ ನೀರುಣಿಸುವ ಹಳೆಯ ಕಾಲುವೆ ನದಿಯ ಅಣೆಕಟ್ಟಿನಿಂದ ಹೊರಟದ್ದು. ಈ ಕೊನೆಯದಕ್ಕೆ ಇಂಗ್ಲಿಷರು ದ್ರಾವಿಡ ಶಬ್ದವನ್ನೇ ಎರವಲು ಪಡೆದು ‘ಆನಿಕಟ್’ ಎಂದರು. ಉಳಿದ ಭೇದಗಳೆಲ್ಲ ‘ಟ್ಯಾಂಕ್’ ಎಂಬ ಒಂದೇ ಕಲಮಿನಲ್ಲಿ ಮುಳುಗಿದುವು.

ಇದು ಬರಿಯ ಹೆಸರಿನ ಮಾತಲ್ಲವೆ ಎಂದು ವಾಚಕರು ಕೇಳಬಹುದು. ಅಲ್ಲ. ಕೆರೆಯೆಂದರೆ ನೀರಷ್ಟೇ ಅಲ್ಲ. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಎಲ್ಲವೂ ಸೇರಿದ ಒಂದು ಯಂತ್ರ. ನೀರನ್ನು ಹದವರಿತು ಬಿಡುವುದು ತೂಬು. ಹೆಚ್ಚಾದುದನ್ನು ಏರಿಗೆ ಅಪಾಯವಾಗದಂತೆ ಹೊರಗೆ ಹಾಯಿಸುವುದು ಕೋಡಿ. ಮಳೆ ತಂದ ಹೂಳನ್ನು ಕಾಲಕಾಲಕ್ಕೆ ಎತ್ತದಿದ್ದರೆ ಯಂತ್ರ ನಿಲ್ಲುತ್ತದೆ. ಇತ್ತೀಚಿನ ದಶಕಗಳಲ್ಲಿ ಬೆಂಗಳೂರಿನಂತಹ ನಗರಗಳಲ್ಲಿ ಟ್ಯಾಂಕ್ ಎಂಬುದನ್ನು ಬಿಟ್ಟು ‘ಲೇಕ್’ ಎನ್ನುವುದು ರೂಢಿಯಾಗಿದೆ. ಲೇಕ್ ಎಂದರೆ ಸರೋವರ, ಪ್ರಕೃತಿ ತಾನಾಗಿ ಮಾಡಿದ್ದು. ಹಾಗೆ ಕರೆದೊಡನೆ ದಡದ ಸೊಬಗು ಕಣ್ಣಿಗೆ ಬೀಳುತ್ತದೆ. ನೀರು ಬರುವ ಕಾಲುವೆಯೂ, ಹೋಗುವ ಕೋಡಿಯೂ ಮರೆಯಾಗುತ್ತವೆ. ಕೋಡಿಯನ್ನು ಮರೆತ ನಗರಕ್ಕೆ ಮಳೆಗಾಲದಲ್ಲಿ ನೀರೇ ಅದನ್ನು ನೆನಪಿಸುತ್ತದೆ.

ಹೊಸಪೇಟೆಯ ಮಹಾ ಏರಿಯ ಹಿಂದೆ ಇಂದು ಅಂದಿನ ಜಲರಾಶಿಯಿಲ್ಲ. ಆದರೂ ಜನ ಅದನ್ನು ರಾಯರ ಕೆರೆ ಎಂದೇ ಕರೆಯುತ್ತಾರೆ. ಆ ಹೆಸರಿನಲ್ಲಿ ಅದನ್ನು ಕಟ್ಟಿದವನೂ ಇದ್ದಾನೆ, ಕಟ್ಟಿದ ಉದ್ದೇಶವೂ ಇದೆ. ನೀರು ಇಂಗಿದ ಮೇಲೂ ಶಬ್ದ ಕಾಪಾಡಿಕೊಂಡು ಬಂದಿರುವ ಈ ತಿಳಿವಳಿಕೆಯನ್ನು, ನೀರಿರುವ ಕೆರೆಗಳ ವಿಷಯದಲ್ಲಿಯಾದರೂ ನಾವು ಬಳಸಿಕೊಳ್ಳುವುದು ಲೇಸು.