ಐದು ಲಕ್ಷದ ಕಾವಲು ಎಲ್ಲಿಯವರೆಗೆ?

2020ರ ಜನವರಿ 10ರಂದು ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಖಾತೆಯಲ್ಲಿ ಎಷ್ಟೇ ಹಣವಿರಲಿ, ತೆಗೆಯಬಹುದಾದದ್ದು 35 ಸಾವಿರ ರೂಪಾಯಿ ಮಾತ್ರ. ನಿವೃತ್ತಿಯ ಗಂಟನ್ನೆಲ್ಲ ಅಲ್ಲಿ ಎಫ್‌ಡಿ ಇಟ್ಟು, ಬಡ್ಡಿಯಲ್ಲೇ ಸಂಸಾರ ತೂಗಿಸುತ್ತಿದ್ದ ಹಿರಿಯರು ಬ್ಯಾಂಕಿನ ಬಾಗಿಲಿಗೆ ಓಡಿದರು. ವಸೂಲಾಗದ ದೊಡ್ಡ ಸಾಲಗಳನ್ನು ಲೆಕ್ಕದಲ್ಲಿ ಮುಚ್ಚಿಟ್ಟು ಎಲ್ಲವೂ ಸರಿಯಿದೆ ಎಂದು ತೋರಿಸಲಾಗಿತ್ತು ಎಂಬ ಆರೋಪ ಆಡಳಿತ ಮಂಡಳಿಯ ಮೇಲೂ ಅಧಿಕಾರಿಗಳ ಮೇಲೂ ಬಂತು. ಸಿಐಡಿ, ಜಾರಿ ನಿರ್ದೇಶನಾಲಯಗಳ ತನಿಖೆ ನಡೆಯಿತು.

ಈ ಪ್ರಕರಣಕ್ಕೆ ಇನ್ನೊಂದು ಮಗ್ಗುಲಿದೆ. ಬ್ಯಾಂಕಿನ ಸೋದರ ಸಂಸ್ಥೆಯಾಗಿ ಶ್ರೀ ಗುರು ಸಾರ್ವಭೌಮ ಸೌಹಾರ್ದ ಕ್ರೆಡಿಟ್ ಸಹಕಾರಿ ಇತ್ತು. ಅಲ್ಲಿ ಹಣವಿಟ್ಟವರ ಸಂಕಟವೂ ಅಷ್ಟೇ ದೊಡ್ಡದು. ಆದರೆ ಬ್ಯಾಂಕಿನಲ್ಲಿ ಇಟ್ಟವರಿಗೆ ಠೇವಣಿ ವಿಮೆಯ ಆಸರೆಯಿತ್ತು, ಸೌಹಾರ್ದದಲ್ಲಿ ಇಟ್ಟವರಿಗೆ ಇರಲಿಲ್ಲ. ಆ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ಹಣ ಸಿಕ್ಕಿಬಿದ್ದ ಮೇಲೆ ತಿಳಿದರೆ ಏನು ಬಂತು?

ಆ ಆಸರೆಯೂ ಸುಮ್ಮನೆ ಬಂದದ್ದಲ್ಲ. 1960ರ ಆಗಸ್ಟ್‌ನಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿ, ಠೇವಣಿದಾರರು ಕಂಗಾಲಾದ ಮೇಲೆ 1961ರಲ್ಲಿ ಠೇವಣಿ ವಿಮಾ ನಿಗಮದ ಕಾಯ್ದೆ ಬಂತು. ಮೊದಲು ಸಿಗುತ್ತಿದ್ದದ್ದು ಒಬ್ಬ ಠೇವಣಿದಾರನಿಗೆ ಹೆಚ್ಚೆಂದರೆ 1,500 ರೂಪಾಯಿ. ಮಿತಿ ಏರುತ್ತ 1993ರಲ್ಲಿ ಒಂದು ಲಕ್ಷ ಮುಟ್ಟಿ, ಅಲ್ಲೇ 27 ವರ್ಷ ನಿಂತುಬಿಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಪಿಎಂಸಿ ಬ್ಯಾಂಕ್ ಮೇಲೆ ನಿರ್ಬಂಧ ಬಿತ್ತು, ನಾಲ್ಕು ತಿಂಗಳೊಳಗೆ ಬಸವನಗುಡಿಯ ಬ್ಯಾಂಕ್ ಮೇಲೆ. 2020ರ ಫೆಬ್ರವರಿ 4ರಿಂದ ಮಿತಿ ಐದು ಲಕ್ಷವಾಯಿತು. ಅದೇ ವರ್ಷ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದು, ಸಹಕಾರಿ ಬ್ಯಾಂಕುಗಳ ಆಡಳಿತದ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಹಿಡಿತ ಕೊಟ್ಟರು. ನಿರ್ಬಂಧ ಬಿದ್ದ 90 ದಿನಗಳಲ್ಲಿ ವಿಮೆಯ ಹಣ ಕೈಸೇರಬೇಕೆಂಬ ನಿಯಮ 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಪ್ರತಿ ಕಾನೂನಿನ ಹಿಂದೆಯೂ ಮೊದಲೇ ಹಣ ಕಳೆದುಕೊಂಡವರಿದ್ದಾರೆ.

ಇದನ್ನು ಹಾಸನ ಜಿಲ್ಲೆಯ ಓದುಗರ ಮುಂದೆ ಇಡಲು ಕಾರಣವಿದೆ. ಅರಕಲಗೂಡಿನ ಆಲೂಗಡ್ಡೆಯ ದುಡ್ಡು, ಚನ್ನರಾಯಪಟ್ಟಣದ ತೆಂಗಿನ ದುಡ್ಡು, ಹೊಳೆನರಸೀಪುರದ ಮೇಷ್ಟ್ರ ಪಿಂಚಣಿಯ ಉಳಿತಾಯ ಎಲ್ಲಕ್ಕೂ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುವ ಸೌಹಾರ್ದ ಸಹಕಾರಿಯ ಕೌಂಟರ್ ಹತ್ತಿರದಲ್ಲೇ ಸಿಗುತ್ತದೆ. ಸರ್ಕಾರದ ಹಸ್ತಕ್ಷೇಪ ತಗ್ಗಿಸಬೇಕೆಂಬ ಒಳ್ಳೆಯ ಆಶಯದಿಂದ ರೂಪುಗೊಂಡ 1997ರ ಸೌಹಾರ್ದ ಕಾಯ್ದೆ 2001ರ ಜನವರಿಯಲ್ಲಿ ಜಾರಿಗೆ ಬಂತು. ಅದರಡಿ ಹುಟ್ಟಿದ ಪತ್ತಿನ ಸಹಕಾರಿಗಳು ಪಾಸ್‌ಬುಕ್ ಕೊಡುತ್ತವೆ, ಪಿಗ್ಮಿ ಕಟ್ಟಿಸಿಕೊಳ್ಳುತ್ತವೆ, ಚಿನ್ನದ ಮೇಲೆ ಸಾಲ ಕೊಡುತ್ತವೆ. ಅವು ಬ್ಯಾಂಕುಗಳಲ್ಲ. ಪ್ರಾಮಾಣಿಕವಾಗಿ ನಡೆಯುವವು ಎಷ್ಟೋ ಇವೆ, ಆದರೆ ಠೇವಣಿ ವಿಮೆ ಯಾವುದಕ್ಕೂ ಇಲ್ಲ. ಸಹಕಾರ ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಬಳಸುವಂತಿಲ್ಲ, ಅವುಗಳ ಠೇವಣಿಗೆ ವಿಮೆಯಿಲ್ಲ ಎಂದು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತ್ತು.

ನನಗೆ ಹೆಚ್ಚು ನೋವು ಕೊಡುವುದು ಹಣದ ನಷ್ಟಕ್ಕಿಂತ ನಂಬಿಕೆಯ ನಷ್ಟ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಊರಿನಲ್ಲಿ ಒಬ್ಬರನ್ನೊಬ್ಬರು ಬಲ್ಲವರೇ ಸದಸ್ಯರು. ಸಾಲ ಯಾರಿಗೆ, ಏತಕ್ಕೆ ಎಂಬುದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಇಂದು ಅಧ್ಯಕ್ಷರ ಹೆಸರನ್ನೂ ದೇವರ ಹೆಸರಿನ ಫಲಕವನ್ನೂ ನಂಬಿ ಹಣ ಇಡುವ ನಾವು ವಾರ್ಷಿಕ ಮಹಾಸಭೆಗೆ ಹೋಗುವುದು ಬಿಟ್ಟಿದ್ದೇವೆ. ಹೋದರೂ ಊಟ ಮುಗಿಸಿ, ಉಡುಗೊರೆ ಹಿಡಿದು ಎದ್ದುಬರುತ್ತೇವೆ. ಲೆಕ್ಕ ಕೇಳುವವರಿಲ್ಲದ ಕಡೆ ಲೆಕ್ಕ ತಿದ್ದುವುದು ಸುಲಭ.

ಸೌಹಾರ್ದ ಠೇವಣಿಗಳಿಗೂ ಸಣ್ಣದಾದರೂ ಕಡ್ಡಾಯ ವಿಮೆಯೊಂದನ್ನು ರಾಜ್ಯ ಸರ್ಕಾರ ತರಬೇಕು. ಇನ್ನೊಂದು ಊರಿನ ಹಿರಿಯರು ಬೀದಿಗೆ ಬೀಳುವವರೆಗೆ ಕಾಯಬಾರದು. ಅಲ್ಲಿಯವರೆಗೆ ಹಣ ಇಡುವ ಮೊದಲು ‘ಇದಕ್ಕೆ ಠೇವಣಿ ವಿಮೆ ಇದೆಯೇ?’ ಎಂದು ಕೌಂಟರಿನಲ್ಲೇ ಕೇಳಿ. ಸದಸ್ಯರಾಗಿದ್ದರೆ ಈ ಬಾರಿಯ ಮಹಾಸಭೆಗೆ ಹೋಗಿ, ಸುಸ್ತಿ ಸಾಲ ಎಷ್ಟು, ನಿರ್ದೇಶಕರ ಬಂಧುಗಳಿಗೆ ಕೊಟ್ಟ ಸಾಲ ಎಷ್ಟು ಎಂದು ಎದ್ದುನಿಂತು ಕೇಳಿ. ಉತ್ತರ ತಡವರಿಸಿದರೆ ಬಡ್ಡಿಯ ಆಸೆ ಬಿಟ್ಟು ಅಸಲನ್ನು ಉಳಿಸಿಕೊಳ್ಳಿ.